ಮಿಂಚು ಹಿಡಿದವನ ಮೈಮೇಲಿನ ಹೊಟ್ಟು: ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಸೋರಿಯಾಸಿಸ್

ಮಾಗಿಯ ಚಳಿ ಶುರುವಾದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿನ ಊರುಗಳಲ್ಲಿ ತುಟಿ, ಹಿಮ್ಮಡಿ ಒಡೆಯದವರು ಕಡಿಮೆ. ಒಣಗಾಳಿ, ಕೊಳವೆಬಾವಿಯ ಸವಳು ನೀರು, ಸುಡುಸುಡು ಸ್ನಾನ ಎಲ್ಲರ ಚರ್ಮಕ್ಕೂ ಅಷ್ಟಿಷ್ಟು ಕಾಟ ಕೊಡುತ್ತವೆ. ಆದರೆ ಕೆಲವರಿಗೆ ಮಾತ್ರ ಮೊಣಕೈ, ಮೊಣಕಾಲು, ನೆತ್ತಿ, ಸೊಂಟದ ಹಿಂಭಾಗದಲ್ಲಿ ಕೆಂಪಾದ ಅಥವಾ ಕಪ್ಪಿಟ್ಟ ದಪ್ಪ ಕಲೆ ಏಳುತ್ತದೆ. ಅದರ ಮೇಲೆ ಬೆಳ್ಳಿಬಣ್ಣದ ಹೊಟ್ಟು ಕಟ್ಟಿ ಉದುರುತ್ತದೆ. ಬೇಸಿಗೆಯಲ್ಲಿ ಕಡಿಮೆಯಾಯಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತದೆ. ಇದು ಸೋರಿಯಾಸಿಸ್.

ರೋಗಕ್ಕಿಂತ ಹೆಚ್ಚು ನೋಯಿಸುವುದು ಅದರ ಸುತ್ತ ಹುಟ್ಟುವ ಮಾತು. ಇದು ಅಂಟುತ್ತದೆ, ಮೈ ಸ್ವಚ್ಛ ಇಟ್ಟುಕೊಳ್ಳದ್ದಕ್ಕೆ ಬಂದಿದೆ, ರಕ್ತ ಕೆಟ್ಟಿದೆ, ಬದನೆಕಾಯಿ ತಿಂದು ನಂಜಾಗಿದೆ, ಇಂಥ ಊರಿನಲ್ಲಿ ಒಬ್ಬರು ಕೊಡುವ ಪುಡಿ ತಿಂದರೆ ಬೇರುಸಮೇತ ಹೋಗುತ್ತದೆ. ಇವನ್ನೆಲ್ಲ ಒಂದೊಂದಾಗಿ ಹಿಡಿದು ಸರಿ-ತಪ್ಪು ಎಂದು ಗೀಟು ಹಾಕಬಹುದು. ಅದರ ಬದಲು ಇಲ್ಲಿ ಒಬ್ಬ ಮನುಷ್ಯನ ಕತೆ ಹೇಳುತ್ತೇವೆ. ಆತ ಸಾಬೂನು ಕಾಯಿಸುವವನ ಮಗ, ಕಸುಬಿನಲ್ಲಿ ಮುದ್ರಣಕಾರ, ಮುಂದೆ ಜಗತ್ತಿಗೇ ಗೊತ್ತಾದ ವಿಜ್ಞಾನಿ. ತನ್ನ ಚರ್ಮದಲ್ಲಿ ಏನಾಗುತ್ತಿದೆ ಎಂಬುದನ್ನು ಆತ ಸುಮಾರು 250 ವರ್ಷಗಳ ಹಿಂದೆ ಎಷ್ಟು ಚೊಕ್ಕವಾಗಿ ಬರೆದಿಟ್ಟನೆಂದರೆ, ಇಂದಿನ ವೈದ್ಯರು ಅದನ್ನು ಓದಿಯೇ ಇದು ಸೋರಿಯಾಸಿಸ್ ಎಂದು ಗುರುತಿಸುತ್ತಾರೆ. ಶಾಲೆಯ ಪುಸ್ತಕದಲ್ಲಿ ಗಾಳಿಪಟ ಹಿಡಿದು ನಿಂತಿರುವ ಬೆಂಜಮಿನ್ ಫ್ರಾಂಕ್ಲಿನ್ ಅವನೇ.

ಸಾಬೂನಿನ ಮನೆ

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಅಮೆರಿಕದ ಬಾಸ್ಟನ್‌ನಲ್ಲಿ. ಅಪ್ಪ ಜೊಸಾಯಗೆ ಎರಡು ಮದುವೆಯಿಂದ ಒಟ್ಟು 17 ಮಕ್ಕಳು, ಬೆಂಜಮಿನ್ 15ನೆಯವನು. ಅಪ್ಪನ ಉದ್ಯೋಗ ದನದ ಕೊಬ್ಬು ಕರಗಿಸಿ ಮೇಣದಬತ್ತಿ ಮತ್ತು ಸಾಬೂನು ಮಾಡುವುದು. ಹತ್ತು ವರ್ಷಕ್ಕೇ ಶಾಲೆ ಬಿಡಿಸಿ ಹುಡುಗನನ್ನು ಅದೇ ಕೆಲಸಕ್ಕೆ ಹಚ್ಚಿದರು. ಬತ್ತಿ ಕತ್ತರಿಸುವುದು, ಅಚ್ಚು ತುಂಬುವುದು, ಅಂಗಡಿ ಕಾಯುವುದು. ಅವನಿಗೆ ಅದು ಸೇರಲಿಲ್ಲ. ಸಾಬೂನಿನ ಸಂಬಂಧವೇನೂ ತಪ್ಪಲಿಲ್ಲ. ಮುಂದೆ ತಂಗಿ ಜೇನ್ ಮನೆಯ ಗುಟ್ಟಿನ ಲೆಕ್ಕದಲ್ಲಿ ಮಾಡಿದ ಸಾಬೂನನ್ನು ಅಣ್ಣನಿಗೆ ಕಳಿಸುತ್ತಿದ್ದಳು. ಸಾಬೂನಿಗೆ ಬರವಿಲ್ಲದ ಮನೆಯಲ್ಲಿ ಬೆಳೆದವನ ಮೈಮೇಲೂ ಸೋರಿಯಾಸಿಸ್ ಬಂತು ಎಂಬುದನ್ನು ನೆನಪಿಡಿ. ಇದು ಕೊಳೆಯಿಂದ ಬರುವ ಕಾಯಿಲೆಯಲ್ಲ. ನಮ್ಮದೇ ರೋಗನಿರೋಧಕ ವ್ಯವಸ್ಥೆ ಚರ್ಮಕ್ಕೆ ತಪ್ಪು ಸೂಚನೆ ಕೊಡುವುದರಿಂದ ಬರುವಂಥದ್ದು. ಸಾಮಾನ್ಯವಾಗಿ ತಳದಲ್ಲಿ ಹುಟ್ಟಿದ ಚರ್ಮಕೋಶ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್ ಇದ್ದ ಕಡೆ ನಾಲ್ಕೈದು ದಿನಗಳಲ್ಲೇ ಮೇಲೆ ಬಂದುಬಿಡುತ್ತದೆ. ಹಳೆಯದು ಉದುರುವ ಮೊದಲೇ ಹೊಸದು ಬಂದು ಒತ್ತುವುದರಿಂದ ಹೊಟ್ಟು ಕಟ್ಟುತ್ತದೆ. ಮುಟ್ಟಿದರೆ ಅಂಟುವುದಿಲ್ಲ, ಒಂದೇ ಟವೆಲ್ ಬಳಸಿದರೂ ಅಂಟುವುದಿಲ್ಲ.

12ನೇ ವರ್ಷಕ್ಕೆ ಅಣ್ಣ ಜೇಮ್ಸ್‌ನ ಮುದ್ರಣಾಲಯಕ್ಕೆ ಸೇರಿದ. ಗದಗಿನವರಿಗೆ ಅಚ್ಚುಮೊಳೆಯ ಕೆಲಸ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮುದ್ರಣಕ್ಕೆ ಹೆಸರಾದ ಊರು ಅದು. ಸೀಸದ ಮೊಳೆ ಜೋಡಿಸುವ ಕೆಲಸದಲ್ಲೇ ಫ್ರಾಂಕ್ಲಿನ್ ಒಂದು ಆರೋಗ್ಯದ ಪಾಠ ಕಲಿತ. ಚಳಿಗಾಲದಲ್ಲಿ ಮೊಳೆಗಳನ್ನು ಬೆಂಕಿಯ ಮುಂದೆ ಕಾಯಿಸಿ ಜೋಡಿಸಿದರೆ ಕೈಗೆ ಹಿತ. ಆದರೆ ಹಾಗೆ ಮಾಡಿದಾಗ ಕೈಯೊಳಗೆ ಏನೋ ನೋವು ಶುರುವಾಯಿತು. ಕೆಲವರ ಕೈಯೇ ಬಿದ್ದುಹೋಗಿದೆ ಎಂದು ಹಳಬನೊಬ್ಬ ಎಚ್ಚರಿಸಿದ. ಈತ ಕಾಯಿಸುವುದನ್ನು ನಿಲ್ಲಿಸಿದ. ಹಲವು ದಶಕಗಳ ಮೇಲೆ, 1786ರಲ್ಲಿ, ಸೀಸದ ವಿಷದ ಬಗ್ಗೆ ಗೆಳೆಯನಿಗೆ ಪತ್ರ ಬರೆದಾಗ ಈ ಸಂಗತಿಯನ್ನು ನೆನೆದ. ಯಾವುದರಿಂದ ಏನಾಯಿತು, ನಿಲ್ಲಿಸಿದಾಗ ಏನಾಯಿತು ಎಂದು ಗಮನಿಸುವ ಚಾಳಿ ಅವನಿಗೆ ಹುಡುಗನಿಂದಲೇ ಇತ್ತು.

ಊಟದ ಮೇಲೂ ಅದೇ ಕಣ್ಣು. 16ನೇ ವಯಸ್ಸಿನಲ್ಲಿ ಒಂದು ಪುಸ್ತಕ ಓದಿ ಮಾಂಸ ಬಿಟ್ಟ. ಉಳಿದ ದುಡ್ಡಿನಲ್ಲಿ ಪುಸ್ತಕ ಕೊಂಡ. ಮುಂದೆ ಹಡಗಿನಲ್ಲಿ ಹುರಿದ ಮೀನಿನ ವಾಸನೆಗೆ ಸೋತು ವ್ರತ ಮುರಿದದ್ದನ್ನೂ ಮುಚ್ಚಿಡಲಿಲ್ಲ. 18-19ರ ವಯಸ್ಸಿನಲ್ಲಿ ಲಂಡನ್‌ನ ಮುದ್ರಣಾಲಯದಲ್ಲಿ ದುಡಿಯುವಾಗ ಜೊತೆಯವರು ದಿನವಿಡೀ ಬಿಯರ್ ಕುಡಿಯುತ್ತಿದ್ದರೆ ಈತ ನೀರು ಕುಡಿದು ಎರಡು ಕೈಯಲ್ಲಿ ಎರಡು ಮೊಳೆಚೌಕಟ್ಟು ಹೊರುತ್ತಿದ್ದ. ಆದರೆ ವಯಸ್ಸಾದಂತೆ ಈ ಶಿಸ್ತು ಸಡಿಲಾಯಿತು. ಒಳ್ಳೆಯ ಊಟ, ಒಳ್ಳೆಯ ವೈನ್, ಕೂತು ಮಾಡುವ ಕೆಲಸ. ಮೈ ದಪ್ಪಗಾಯಿತು.

ಮಧ್ಯದ ಬದುಕು ಎಲ್ಲರಿಗೂ ಗೊತ್ತಿರುವಂಥದ್ದು: ಫಿಲಡೆಲ್ಫಿಯಾಕ್ಕೆ ಓಡಿಹೋದದ್ದು, ಸ್ವಂತ ಮುದ್ರಣಾಲಯ, ಪತ್ರಿಕೆ, ಪಂಚಾಂಗ, ಗ್ರಂಥಾಲಯ, 1751ರಲ್ಲಿ ಡಾ. ಥಾಮಸ್ ಬಾಂಡ್ ಜೊತೆ ಕಟ್ಟಿದ ಆಸ್ಪತ್ರೆ, 1752ರ ಗಾಳಿಪಟ. (ಗಾಳಿಪಟಕ್ಕೆ ಸಿಡಿಲು ಹೊಡೆಯಲಿಲ್ಲ. ಹೊಡೆದಿದ್ದರೆ ಆತ ಉಳಿಯುತ್ತಿರಲಿಲ್ಲ. ಮೋಡದ ವಿದ್ಯುತ್ತು ಒದ್ದೆ ದಾರದಲ್ಲಿ ಇಳಿದದ್ದಷ್ಟೇ.) ಒಂದು ಘಟನೆಯನ್ನು ಮಾತ್ರ ಇಲ್ಲಿ ಬಿಡುವಂತಿಲ್ಲ. 1736ರಲ್ಲಿ ಅವನ ನಾಲ್ಕು ವರ್ಷದ ಮಗ ಫ್ರಾನ್ಸಿಸ್ ಸಿಡುಬಿನಿಂದ ಸತ್ತ. ಸಿಡುಬು ಹಾಕಿಸಿದ್ದಕ್ಕೇ ಮಗು ಸತ್ತಿತು ಎಂದು ಊರಲ್ಲಿ ಸುದ್ದಿ ಹಬ್ಬಿತು. ಹಾಕಿಸದೇ ಇದ್ದದ್ದಕ್ಕೆ ಸತ್ತದ್ದು ಎಂದು ಮಗನನ್ನು ಮಣ್ಣು ಮಾಡಿದ ಅಪ್ಪ ತನ್ನ ಪತ್ರಿಕೆಯಲ್ಲೇ ಅಚ್ಚು ಹಾಕಿ ತಿಳಿಸಬೇಕಾಯಿತು. ಆ ಪಶ್ಚಾತ್ತಾಪ ಸಾಯುವವರೆಗೂ ಅವನನ್ನು ಬಿಡಲಿಲ್ಲ.

ಎಪ್ಪತ್ತರ ಹೊಸ್ತಿಲಲ್ಲಿ

ಸೋರಿಯಾಸಿಸ್ ಸಾಮಾನ್ಯವಾಗಿ ಹರೆಯದಲ್ಲಿ, ಇಲ್ಲವೇ ಐವತ್ತು-ಅರವತ್ತರ ಸುಮಾರಿಗೆ ಕಾಣಿಸಿಕೊಳ್ಳುತ್ತದೆ. ಫ್ರಾಂಕ್ಲಿನ್‌ಗೆ ತಡವಾಗಿ ಬಂತು, ಮೊದಲು ಕೂದಲ ಕೆಳಗೆ, ನೆತ್ತಿಯಲ್ಲಿ. ನಮ್ಮಲ್ಲೂ ಎಷ್ಟೋ ಮಂದಿ ಇದನ್ನು ವರ್ಷಗಟ್ಟಲೆ ಬರೀ ತಲೆಹೊಟ್ಟು ಎಂದೇ ತಿಳಿದು ಶಾಂಪೂ ಬದಲಿಸುತ್ತಾ ಇರುತ್ತಾರೆ.

ಆ ವರ್ಷಗಳು ಅವನಿಗೆ ಸುಖದವಾಗಿರಲಿಲ್ಲ. 1774ರ ಜನವರಿಯಲ್ಲಿ ಲಂಡನ್‌ನ ಪ್ರಿವಿ ಕೌನ್ಸಿಲ್ ಎದುರು ಅವನನ್ನು ಒಂದು ಗಂಟೆ ಹೊತ್ತು ನಿಲ್ಲಿಸಿ ತುಂಬಿದ ಸಭೆಯಲ್ಲಿ ಹೀಯಾಳಿಸಿದರು. ಅದೇ ವರ್ಷದ ಕೊನೆಗೆ, ಆತ ಇನ್ನೂ ಕಡಲಾಚೆ ಇರುವಾಗಲೇ, ಹೆಂಡತಿ ಡೆಬೊರಾ ತೀರಿಕೊಂಡಳು. ಮಗ ವಿಲಿಯಂ ಬ್ರಿಟಿಷರ ಪಕ್ಷ ಹಿಡಿದದ್ದರಿಂದ ಅಪ್ಪ-ಮಗನ ನಡುವೆ ಮತ್ತೆಂದೂ ಪೂರ್ತಿ ಕೂಡದ ಬಿರುಕು ಬಿತ್ತು. 1775ರಲ್ಲಿ ಫಿಲಡೆಲ್ಫಿಯಾಕ್ಕೆ ಮರಳಿದ ಮೇಲೆ ಬೆಳಗ್ಗೆ ಆರಕ್ಕೆ ಒಂದು ಸಮಿತಿ, ಅದು ಮುಗಿದರೆ ಸಂಜೆ ನಾಲ್ಕರವರೆಗೆ ಕಾಂಗ್ರೆಸ್ ಸಭೆ. ಮಾನಸಿಕ ಒತ್ತಡ ಸೋರಿಯಾಸಿಸ್ ಕೆರಳಿಸುತ್ತದೆ ಎಂದು ಬಹಳಷ್ಟು ರೋಗಿಗಳು ಹೇಳುತ್ತಾರೆ, ವೈದ್ಯರೂ ಒಪ್ಪುತ್ತಾರೆ. ಇವನ ವಿಷಯದಲ್ಲಿ ಒತ್ತಡವೇ ಕಾರಣ ಎಂದು ಇಷ್ಟು ದೂರದಿಂದ ತೀರ್ಪು ಕೊಡುವುದು ಸರಿಯಲ್ಲ. ಆದರೆ ಕಾಯಿಲೆ ಬೆಳೆದದ್ದು ಇಂಥ ದಿನಗಳಲ್ಲಿ ಎಂಬುದು ನಿಜ.

1776ರ ವಸಂತದಲ್ಲಿ, 70ರ ಮುದುಕನನ್ನು ಹಿಮದ ದಾರಿಯಲ್ಲಿ ಕೆನಡಾಕ್ಕೆ ಕಳಿಸಿದರು. ಸಾಯುತ್ತೇನೆಂದೇ ತಿಳಿದು ದಾರಿಯಲ್ಲಿ ಗೆಳೆಯರಿಗೆ ವಿದಾಯದ ಕಾಗದ ಬರೆದ. ಮೈತುಂಬ ದೊಡ್ಡ ಕುರುಗಳು ಎದ್ದವು, ಕಾಲು ಬಾತವು. ಮರಳಿ ಬಂದ ಮೇಲೆ ಬಾವು ಇಳಿಯಿತು, ಕುರು ಬಿಡಲಿಲ್ಲ. ಮುಂದೆ 1777ರಲ್ಲಿ ತನ್ನ ಕಾಯಿಲೆಯ ವಿವರ ಬರೆದಿಟ್ಟಾಗ ಆತ ಒಂದು ವಿಚಿತ್ರವನ್ನು ದಾಖಲಿಸಿದ್ದಾನೆ: ಕುರು ವಾಸಿಯಾದ ಜಾಗದ ಸುತ್ತ ಒಣಗಿದ ಪೊರೆ ಕಟ್ಟುತ್ತಿತ್ತು, ಉಜ್ಜಿದರೆ ಅದು ಬಿಳಿಯ ತೌಡಿನಂತೆ ಉದುರುತ್ತಿತ್ತು. ಕನ್ನಡದಲ್ಲಿ ತಲೆಯಿಂದ ಉದುರುವುದಕ್ಕೂ ಕಾಳು ಕೇರಿದಾಗ ಹಾರುವುದಕ್ಕೂ ಹೊಟ್ಟು ಎಂಬ ಒಂದೇ ಮಾತಿದೆಯಲ್ಲ, ಅವನ ಕಣ್ಣಿಗೂ ಹಾಗೆಯೇ ಕಂಡಿತ್ತು.

ಈ ಒಂದು ವಾಕ್ಯಕ್ಕೆ ಚರ್ಮವೈದ್ಯರು ಕಿವಿ ನಿಮಿರಿಸುತ್ತಾರೆ. ಗಾಯವಾದ, ಕೆರೆದ, ಸುಟ್ಟ, ತಿಕ್ಕಿದ ಜಾಗದಲ್ಲೇ ಹೊಸ ಸೋರಿಯಾಸಿಸ್ ಕಲೆ ಏಳುವುದಕ್ಕೆ ಕೋಬ್ನರ್ ಪರಿಣಾಮ ಎಂದು ಹೆಸರು. ಜರ್ಮನಿಯ ವೈದ್ಯ ಹೈನ್ರಿಕ್ ಕೋಬ್ನರ್ ಅದನ್ನು ವಿವರಿಸಿದ್ದು 1870ರ ದಶಕದಲ್ಲಿ, ಅಂದರೆ ಸುಮಾರು ನೂರು ವರ್ಷ ತಡವಾಗಿ. ಫ್ರಾಂಕ್ಲಿನ್ ಕಾಲಕ್ಕೆ ಇಂದಿನ ಅರ್ಥದಲ್ಲಿ ಸೋರಿಯಾಸಿಸ್ ಎಂಬ ಹೆಸರೂ ಇರಲಿಲ್ಲ. ಕುಷ್ಠವನ್ನೂ ಇದನ್ನೂ ಒಟ್ಟಿಗೆ ಕಲಸುತ್ತಿದ್ದರು. ಲಂಡನ್‌ನ ರಾಬರ್ಟ್ ವಿಲನ್ 19ನೇ ಶತಮಾನದ ಆರಂಭದಲ್ಲಿ ವಿವರಿಸಿ, ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಸ್ಪಷ್ಟವಾಗಿ ಬೇರೆ ಮಾಡುವವರೆಗೂ ಎಷ್ಟೋ ಜನ ಕುಷ್ಠರೋಗಿಗಳೆನಿಸಿಕೊಂಡು ಊರಾಚೆ ಬದುಕಿರಬೇಕು.

ಮನೆಗೆ ತರುವ ಮಾತಾದರೆ, ಮೈ ಉಜ್ಜುವ ಕಲ್ಲು, ತೆಂಗಿನ ನಾರು, ಹೀರೇಕಾಯಿ ಬುರುಡೆಗಳಿಂದ ಹೊಟ್ಟನ್ನು ತಿಕ್ಕಿ ತೆಗೆಯುವುದು ಸೋರಿಯಾಸಿಸ್‌ಗೆ ಆಹ್ವಾನ ಕೊಟ್ಟಂತೆ. ತಲೆಯ ಹೊಟ್ಟನ್ನು ಬಾಚಣಿಗೆಯಿಂದ ಕೆರೆದು ಎಬ್ಬಿಸುವುದೂ ಅಷ್ಟೇ. ಬಿಗಿಯಾದ ಉಡಿದಾರ, ಕುತ್ತಿಗೆ ಉಜ್ಜುವ ಜರಿ ಅಂಚು, ಮೊಣಕೈ ಊರಿ ಮಾಡುವ ಕೆಲಸ ಇವೆಲ್ಲವೂ ಕೆಲವರಿಗೆ ಅದೇ ಜಾಗದಲ್ಲಿ ಕಲೆ ತರಿಸುತ್ತವೆ. ಹಚ್ಚೆ ಹಾಕಿಸುವ ಮುನ್ನವೂ ಎರಡು ಸಲ ಯೋಚಿಸಿ.

ಉಪ್ಪುಮಾಂಸ, ಪಾದರಸ, ಬಿಸಿನೀರು

1776ರ ಅಕ್ಟೋಬರ್ ಕೊನೆಗೆ ಇಬ್ಬರು ಮೊಮ್ಮಕ್ಕಳನ್ನು ಕಟ್ಟಿಕೊಂಡು ರಿಪ್ರೈಸಲ್ ಎಂಬ ಹಡಗು ಹತ್ತಿದ. ಫ್ರಾನ್ಸಿನ ಸಹಾಯ ಸಿಗದಿದ್ದರೆ ಅಮೆರಿಕ ಯುದ್ಧ ಸೋಲುತ್ತಿತ್ತು. ನಡುದಾರಿಯಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದ್ದರೆ ಇವನಿಗೆ ನೇಣು. ಹಡಗಿನ ಕೋಳಿಮಾಂಸ ಅವನ ಹಲ್ಲಿಗೆ ಬಗ್ಗದಷ್ಟು ಗಟ್ಟಿ. ಉಪ್ಪು ಹಾಕಿದ ದನದ ಮಾಂಸವೇ ಬಹುಪಾಲು ಆಹಾರವಾಯಿತು. ಡಿಸೆಂಬರ್ ಆರಂಭಕ್ಕೆ ಫ್ರಾನ್ಸಿನ ದಡ ಮುಟ್ಟಿದಾಗ ನಿಲ್ಲುವ ತ್ರಾಣವೂ ಕಷ್ಟ. ಹೊಟ್ಟು ಈಗ ತಲೆಯಲ್ಲಿ ಮಾತ್ರ ಅಲ್ಲ, ಸೊಂಟದ ಹಿಂಭಾಗ, ಪಕ್ಕೆ, ಕಾಲು, ತೋಳುಗಳಿಗೆಲ್ಲ ಹರಡಿತ್ತು.

ಪ್ಯಾರಿಸ್ ಕಂಡದ್ದು ಕೃತಕ ಕೂದಲಿಲ್ಲದೆ, ತುಪ್ಪಳದ ಟೋಪಿ ಹಾಕಿದ ಮುದುಕನನ್ನು. ಎಂಥ ಸರಳ ಋಷಿ ಎಂದು ಜನ ಮರುಳಾದರು. ಆ ಟೋಪಿಯ ಚಿತ್ರ ಊರೆಲ್ಲ ಮಾರಾಟವಾಯಿತು. ಟೋಪಿಯ ಕೆಳಗೆ ಕೆರಳಿದ ನೆತ್ತಿ ಇತ್ತು, ಅದಕ್ಕೇ ಆತ ಕೃತಕ ಕೂದಲು ತೊಡುತ್ತಿರಲಿಲ್ಲ ಎಂಬುದು ಕೆಲವು ಜೀವನಚರಿತ್ರೆಕಾರರ ಊಹೆ. ಊಹೆ ಚೆನ್ನಾಗಿದೆ, ಪುರಾವೆ ಇಲ್ಲ.

ಹಾಗಾದರೆ ಕಾಯಿಲೆ ಹರಡಿದ್ದು ಉಪ್ಪುಮಾಂಸದಿಂದಲೇ? ಹಾಗೆ ಹೇಳಲು ಆಧಾರವಿಲ್ಲ. ಇಲ್ಲಿ ಆಹಾರದ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಸೋರಿಯಾಸಿಸ್ ಇರುವ ಎಲ್ಲರಿಗೂ ಆಗದ ಒಂದು ಪದಾರ್ಥ ಅಂತ ಯಾವುದೂ ಸಾಬೀತಾಗಿಲ್ಲ. ಬದನೆಕಾಯಿ, ಮೊಸರು, ಹುಣಸೆಹುಳಿ, ಕೆಂಪು ಖಾರ, ಹಾಲು-ಮೀನು ಕೂಡಿಸಿ ತಿನ್ನುವುದು ಇವುಗಳ ಮೇಲಿನ ಆರೋಪಕ್ಕೆ ಗಟ್ಟಿ ಪುರಾವೆ ಇಲ್ಲ. ನಿಮಗೇ ಒಂದು ಪದಾರ್ಥ ತಿಂದಾಗಲೆಲ್ಲ ಕೆರಳುತ್ತದೆ ಅನಿಸಿದರೆ ಕೆಲವು ವಾರ ಬಿಟ್ಟು, ಮತ್ತೆ ತಿಂದು, ದಿನಾಂಕ ಬರೆದು ನೋಡಿ. ಅದು ನಿಮ್ಮೊಬ್ಬರ ಲೆಕ್ಕ, ಪಕ್ಕದ ಮನೆಯವರದಲ್ಲ. ಗೋಧಿ ಬಿಡುವುದರಿಂದ ಲಾಭ ಆಗುವುದು ಸೀಲಿಯಾಕ್ ಕಾಯಿಲೆ ಇರುವವರಿಗೆ ಅಥವಾ ಅದರ ಪ್ರತಿಕಾಯಗಳು ರಕ್ತಪರೀಕ್ಷೆಯಲ್ಲಿ ಕಂಡವರಿಗೆ. ಜೋಳದ ರೊಟ್ಟಿ ಉಣ್ಣುವ ನಮ್ಮ ಕಡೆಯವರಿಗೆ ಆ ಚಿಂತೆ ಹೇಗೂ ಕಡಿಮೆ. ಪುರಾವೆ ಗಟ್ಟಿ ಇರುವುದು ಎರಡಕ್ಕೆ. ತೂಕ ಹೆಚ್ಚಿರುವವರು ತೂಕ ಇಳಿಸಿದರೆ ಕಲೆಗಳು ಕಡಿಮೆಯಾಗುತ್ತವೆ, ಔಷಧವೂ ಚೆನ್ನಾಗಿ ನಾಟುತ್ತದೆ. ಮದ್ಯ ಮತ್ತು ಬೀಡಿ-ಸಿಗರೇಟು ಕಾಯಿಲೆಯನ್ನು ಹೆಚ್ಚಿಸುತ್ತವೆ. ಪಥ್ಯ ಅಂದರೆ ಬದನೆಕಾಯಿ ಬಿಟ್ಟು ಬೀಡಿ ಸೇದುವುದು ಎಂದು ತಿಳಿದವರನ್ನು ನಾವೆಲ್ಲ ನೋಡಿದ್ದೇವೆ.

ಫ್ರಾನ್ಸಿನ ವೈದ್ಯನೊಬ್ಬ ಫ್ರಾಂಕ್ಲಿನ್‌ಗೆ ಒಂದು ಬೇರಿನ ಕಷಾಯ ಮತ್ತು ಬೆಲೋಸ್ತ್ ಗುಳಿಗೆ ಕೊಟ್ಟ. ಕಷಾಯ ಬಾಯಿಗೆ ಸೇರಲಿಲ್ಲ, ಗುಣವೂ ಕಾಣಲಿಲ್ಲ, ಬಿಟ್ಟ. ಗುಳಿಗೆ ಮುಂದುವರಿಸಿದ. ಅದರಲ್ಲಿದ್ದದ್ದು ಪಾದರಸ. ಸ್ವಲ್ಪ ದಿನಕ್ಕೆ ಹಲ್ಲುಗಳು ಅಲುಗಾಡತೊಡಗಿ ಮೂರು ಉದುರಿದವು. ಮೊಳೆ ಕಾಯಿಸುವುದನ್ನು ನಿಲ್ಲಿಸಿದ ಹುಡುಗ ಈಗ ಗುಳಿಗೆಯನ್ನೂ ನಿಲ್ಲಿಸಿದ. ಪ್ರಸಿದ್ಧ ವೈದ್ಯ ಬರೆದುಕೊಟ್ಟದ್ದು, ದೊಡ್ಡವರೆಲ್ಲ ನುಂಗುತ್ತಿದ್ದದ್ದು ಎಂಬ ಮುಲಾಜು ನೋಡಲಿಲ್ಲ.

ಈ ಭಾಗ ನಮಗೆ ಹಳೆಯ ಕತೆಯಲ್ಲ. ಹೆಸರಿಲ್ಲದ ಪುಡಿ, ಚೀಟಿ ಇಲ್ಲದ ಗುಳಿಗೆ ಇವತ್ತೂ ಕೈಯಿಂದ ಕೈಗೆ ಬರುತ್ತವೆ. ಕಪ್ಪತಗುಡ್ಡದ ಗಿಡಮೂಲಿಕೆಗಳ ಹೆಸರು ಹೇಳಿ ಮಾರುವುದರಲ್ಲೆಲ್ಲ ಆ ಗುಡ್ಡದ ಗಿಡವೇ ಇರುತ್ತದೆ ಎಂದಿಲ್ಲ. ಭಾರಲೋಹ ಇರಬಹುದು, ಇಲ್ಲವೇ ಯಾರಿಗೂ ಹೇಳದೆ ಬೆರೆಸಿದ ಸ್ಟೀರಾಯ್ಡ್ ಇರಬಹುದು. ಸ್ಟೀರಾಯ್ಡ್ ಇದ್ದರೆ ಒಂದೇ ವಾರದಲ್ಲಿ ಚರ್ಮ ತಿಳಿಯಾಗುತ್ತದೆ, ಜನ ಕೈಮುಗಿಯುತ್ತಾರೆ. ಅದನ್ನು ಒಮ್ಮೆಲೇ ನಿಲ್ಲಿಸಿದಾಗ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ಕೆಲವರಿಗೆ ಮೈತುಂಬ ಕೀವುಗುಳ್ಳೆ ಎದ್ದು ಅಥವಾ ಇಡೀ ಚರ್ಮ ಕೆಂಪಾಗಿ ಸುಲಿದು ಆಸ್ಪತ್ರೆಗೆ ಸೇರಬೇಕಾಗುತ್ತದೆ. ಅದು ಜೀವಕ್ಕೇ ಅಪಾಯ. ಗಜಕರ್ಣಕ್ಕೆಂದು ಅಂಗಡಿಯಲ್ಲಿ ಕೇಳಿ ತರುವ ಮಿಶ್ರ ಮುಲಾಮುಗಳಲ್ಲೂ ಬಹಳಷ್ಟು ಸಲ ಸ್ಟೀರಾಯ್ಡ್ ಇರುತ್ತದೆ. ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದೇ ಮುಲಾಮು ಒಳ್ಳೆಯ ಔಷಧ.

ಔಷಧದ ಮಾತು ಬಂದದ್ದಕ್ಕೆ ಇನ್ನೊಂದು. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಕೆಲವು ಮಾತ್ರೆ, ಮನೋರೋಗಕ್ಕೆ ಕೊಡುವ ಲಿಥಿಯಂ, ಮಲೇರಿಯಾದ ಕ್ಲೋರೋಕ್ವಿನ್ ಸೋರಿಯಾಸಿಸ್ ಕೆರಳಿಸಬಲ್ಲವು. ಆದರೆ ಇದನ್ನು ಓದಿ ಬಿಪಿ ಮಾತ್ರೆ ಬಿಟ್ಟುಬಿಡಬೇಡಿ. ಬರೆದುಕೊಟ್ಟ ವೈದ್ಯರಿಗೆ ಸೋರಿಯಾಸಿಸ್ ಇದೆ ಎಂದು ಹೇಳಿ, ಬದಲಿ ಇದೆಯೇ ಕೇಳಿ. ಮಕ್ಕಳಿಗೆ ಗಂಟಲುನೋವು ಬಂದು ಎರಡು-ಮೂರು ವಾರಕ್ಕೆ ಮೈಮೇಲೆ ನೀರುಹನಿಯಂಥ ಸಣ್ಣ ಕಲೆಗಳು ಎದ್ದರೆ ಅದೂ ಸೋರಿಯಾಸಿಸ್‌ನ ಒಂದು ಬಗೆ. ಆ ಗಂಟಲುನೋವಿನ ಹಿಂದೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇರುತ್ತದೆ.

ಫ್ರಾಂಕ್ಲಿನ್‌ಗೆ ಕೊನೆಗೂ ಹಿತ ಕೊಟ್ಟದ್ದು ನೀರು. ಪ್ಯಾರಿಸ್ ಹೊರಗಿನ ಪಾಸಿ ಎಂಬಲ್ಲಿ ವಾರಕ್ಕೆ ಎರಡು ಸಲ, ಒಂದೊಂದು ಸಲ ಎರಡು ತಾಸು ಬಿಸಿನೀರಿನ ತೊಟ್ಟಿಯಲ್ಲಿ ಕೂರುತ್ತಿದ್ದ. ಮೆತ್ತಗಾದ ಹೊಟ್ಟು ನೀರಲ್ಲೇ ಸುಲಭವಾಗಿ ಬಿಡುತ್ತಿತ್ತು. ಕಾಯಿಲೆ ಮುಂದುವರಿಯುವುದನ್ನು ಸ್ನಾನ ತಡೆಯುತ್ತಿದೆ ಎಂದು ಅವನಿಗೆ ಅನಿಸಿತು. ಅರ್ಧ ಸರಿ. ನೆನೆದ ಹೊಟ್ಟು ನೋವಿಲ್ಲದೆ ಬಿಡುತ್ತದೆ, ತುರಿಕೆ ತಗ್ಗುತ್ತದೆ. ಆದರೆ ಎರಡು ತಾಸು ಬೇಡ, ನೀರು ಸುಡುವಷ್ಟು ಬಿಸಿಯೂ ಬೇಡ. ಸುಡುನೀರು ಚರ್ಮದ ಜಿಡ್ಡನ್ನು ತೊಳೆದು ಇನ್ನಷ್ಟು ಒಣಗಿಸುತ್ತದೆ. ಉಗುರುಬೆಚ್ಚಗಿನ ನೀರು, ಹತ್ತು-ಹದಿನೈದು ನಿಮಿಷ, ಘಾಟು ವಾಸನೆಯಿಲ್ಲದ ಸೌಮ್ಯ ಸಾಬೂನು ಸ್ವಲ್ಪವೇ. ಸವಳು ನೀರಲ್ಲಿ ನೊರೆ ಬರುವುದಿಲ್ಲವೆಂದು ಸಾಬೂನು ಎರಡರಷ್ಟು ಉಜ್ಜುತ್ತೇವಲ್ಲ, ಅದು ಚರ್ಮದ ಮೇಲೆ ಉಳಿದು ಕೆರಳಿಸುತ್ತದೆ. ಮೈಯನ್ನು ತಿಕ್ಕದೆ ಒತ್ತಿ ಒರೆಸಿ, ಇನ್ನೂ ಹಸಿ ಇರುವಾಗಲೇ ಕೊಬ್ಬರಿಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಹಚ್ಚಿ. ಫ್ರಾಂಕ್ಲಿನ್ ಮಾಡದೆ ಬಿಟ್ಟದ್ದು ಬಹುಶಃ ಇದೊಂದೇ.

ತನ್ನ ಲಕ್ಷಣಗಳನ್ನು ಬರೆದು ಆತ ಗೆಳೆಯ ಡಾ. ಯಾನ್ ಇಂಗೆನ್‌ಹೌಸ್‌ಗೆ ಒಪ್ಪಿಸಿದ. ಅದನ್ನು ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜಾನ್ ಪ್ರಿಂಗಲ್‌ಗೆ ತೋರಿಸಿ ಸಲಹೆ ತರಲು ಕೇಳಿಕೊಂಡ. ಎರಡು ವರ್ಷದ ನಂತರ, 1779ರಲ್ಲಿ, ಗಿಡಗಳು ಗಾಳಿಯನ್ನು ಶುದ್ಧ ಮಾಡಲು ಬೆಳಕು ಬೇಕೇಬೇಕು ಎಂದು ತೋರಿಸಿದವನು ಇದೇ ಇಂಗೆನ್‌ಹೌಸ್. ಬೆಳಕಿನ ಒಂದು ಭಾಗವಾದ ನೇರಳಾತೀತ ಕಿರಣ ಗೆಳೆಯನ ಚರ್ಮಕ್ಕೂ ಔಷಧವಾಗಬಲ್ಲದು ಎಂದು ಅವನಿಗೆ ಗೊತ್ತಿರಲಿಲ್ಲ. ಇಂದು 311 ನ್ಯಾನೋಮೀಟರ್ ಸುತ್ತಿನ ಕಿರಣವನ್ನು ಅಳತೆ ಮಾಡಿ ಕೊಡುವುದು ಸೋರಿಯಾಸಿಸ್‌ನ ಸ್ಥಾಪಿತ ಚಿಕಿತ್ಸೆ. ಮನೆಯಲ್ಲಾದರೆ ಎಳೆಬಿಸಿಲಲ್ಲಿ ಸ್ವಲ್ಪ ಹೊತ್ತು ಸಾಕು. ಚರ್ಮ ಸುಡುವಷ್ಟು ಕೂತರೆ ಮತ್ತೆ ಅದೇ ಕೋಬ್ನರ್ ಕಾಟ.

ಕಣ್ಣಿಗೆ ಬಟ್ಟೆ ಕಟ್ಟಿದ ಪರೀಕ್ಷೆ

ಸೋರಿಯಾಸಿಸ್ ತಾನಾಗಿಯೇ ಏರಿಳಿಯುತ್ತದೆ. ಇಳಿಯುವ ಹೊತ್ತಿಗೆ ಯಾವ ಔಷಧ ತಿನ್ನುತ್ತಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಪವಾಡದ ಮದ್ದುಗಳ ಮಾರುಕಟ್ಟೆ ನಿಂತಿರುವುದು ಬಹುಮಟ್ಟಿಗೆ ಇದರ ಮೇಲೆಯೇ. ಈ ಬಲೆಯನ್ನು ಬಿಡಿಸುವ ಉಪಾಯ ಹೊಳೆಸಿದವರಲ್ಲಿ ಫ್ರಾಂಕ್ಲಿನ್ ಕೂಡ ಒಬ್ಬ.

1784ರಲ್ಲಿ ಫ್ರಾಂಟ್ಸ್ ಮೆಸ್ಮರ್ ಎಂಬ ವೈದ್ಯನ ಕಾಂತಶಕ್ತಿಯ ಚಿಕಿತ್ಸೆ ಪ್ಯಾರಿಸ್ಸನ್ನು ಹುಚ್ಚೆಬ್ಬಿಸಿತ್ತು. ಸತ್ಯ ತಿಳಿಯಲು ಫ್ರಾನ್ಸಿನ ದೊರೆ ಸಮಿತಿ ನೇಮಿಸಿದ. ಅದರಲ್ಲಿ ರಸಾಯನಶಾಸ್ತ್ರಜ್ಞ ಲವಾಜಿಯೆ, ವೈದ್ಯ ಗಿಲೊಟಿನ್, ಖಗೋಳಜ್ಞ ಬೈಯಿ. ಮುಂದಾಳು 78ರ ಫ್ರಾಂಕ್ಲಿನ್. ಅವನಿಗೆ ಗೌಟ್ ಮತ್ತು ಮೂತ್ರಕೋಶದ ಕಲ್ಲಿನ ಕಾಟ, ಹಾಗಾಗಿ ಪರೀಕ್ಷೆಗಳಲ್ಲಿ ಕೆಲವು ಪಾಸಿಯ ಅವನ ಮನೆಯಂಗಳದಲ್ಲೇ ನಡೆದವು. ಮೆಸ್ಮರ್‌ನ ಶಿಷ್ಯ ದೆಸ್ಲೋ ತೋಟದ ಒಂದು ಮರಕ್ಕೆ ಶಕ್ತಿ ತುಂಬಿದ. 12 ವರ್ಷದ ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದೇ ಮರದ ಹತ್ತಿರ ಒಯ್ದರು. ಹುಡುಗ ಬೆವರಿದ, ಕೆಮ್ಮಿದ, ನಾಲ್ಕನೇ ಮರದ ಬುಡದಲ್ಲಿ ಮೂರ್ಛೆ ಬಿದ್ದ. ಶಕ್ತಿ ತುಂಬಿದ ಮರ ಅದಾಗಿರಲಿಲ್ಲ. ರೋಗಿಗೆ ಯಾವುದು ನಿಜ, ಯಾವುದು ಸುಳ್ಳು ಎಂದು ತಿಳಿಯದಂತೆ ಮಾಡಿ ಚಿಕಿತ್ಸೆಯನ್ನು ಅಳೆಯುವ ಈ ಕ್ರಮವೇ ಇಂದಿಗೂ ಹೊಸ ಔಷಧಗಳ ಪರೀಕ್ಷೆಯ ಬೆನ್ನೆಲುಬು. ಮೆಥೊಟ್ರೆಕ್ಸೇಟ್‌ನಿಂದ ಹಿಡಿದು ಇತ್ತೀಚಿನ ಬಯಾಲಜಿಕ್ ಚುಚ್ಚುಮದ್ದಿನವರೆಗೆ ಸೋರಿಯಾಸಿಸ್‌ಗೆ ವೈದ್ಯರು ಕೊಡುವ ಔಷಧಗಳು ಇಂಥ ಪರೀಕ್ಷೆ ದಾಟಿದವು. ಇವು ಕಾಯಿಲೆಯನ್ನು ಹತೋಟಿಯಲ್ಲಿಡುತ್ತವೆ. ಬೇರುಸಮೇತ ಕೀಳುವ ಔಷಧ ಇನ್ನೂ ಯಾರ ಹತ್ತಿರವೂ ಇಲ್ಲ.

ಗೌಟ್ ಬಗ್ಗೆ ಎರಡು ಮಾತು. 1780ರಲ್ಲಿ ವಾರಗಟ್ಟಲೆ ಅದರಿಂದ ಹಾಸಿಗೆ ಹಿಡಿದಾಗ ಫ್ರಾಂಕ್ಲಿನ್ ತನಗೂ ಗೌಟಿಗೂ ನಡೆದ ಜಗಳದಂತೆ ಒಂದು ತಮಾಷೆಯ ಬರಹ ಬರೆದ. ಅದರಲ್ಲಿ ಊಟದ ಅತಿಯಾಸೆ, ನಡೆಯದ ಸೋಮಾರಿತನ ಎಲ್ಲಕ್ಕೂ ತನ್ನನ್ನೇ ಗದರಿಸಿಕೊಂಡಿದ್ದಾನೆ. ಸೋರಿಯಾಸಿಸ್ ಇರುವವರಲ್ಲಿ ಗೌಟ್ ಉಳಿದವರಿಗಿಂತ ಹೆಚ್ಚು ಎಂದು ಇಂದಿನ ಅಧ್ಯಯನಗಳು ಹೇಳುತ್ತವೆ. ಹತ್ತರಲ್ಲಿ ಎರಡು-ಮೂರು ರೋಗಿಗಳಿಗೆ ಸೋರಿಯಾಸಿಸ್‌ನದೇ ಸಂಧಿವಾತವೂ ಬರುತ್ತದೆ. ಬೆಳಗ್ಗೆ ಎದ್ದಾಗ ಬೆರಳು ಬಿಗಿಯುವುದು, ಒಂದು ಬೆರಳು ಇಡಿಯಾಗಿ ಬಾಯುವುದು, ಹಿಮ್ಮಡಿ ನೋವು, ಉಗುರಿನಲ್ಲಿ ಸೂಜಿ ಚುಚ್ಚಿದಂಥ ಕುಳಿಗಳು ಕಂಡರೆ ವಯಸ್ಸಾಯಿತು ಅಂತ ಸುಮ್ಮನಿರಬೇಡಿ. ಗದಗಿನ ಜಿಮ್ಸ್‌ನಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇರುತ್ತದೆ. ತಡವಾದರೆ ಸವೆದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ.

ಹೊಟ್ಟು ಉದುರುವ ಮೈಯೊಂದಿಗೇ ಫ್ರಾಂಕ್ಲಿನ್ 1778ರಲ್ಲಿ ಫ್ರಾನ್ಸಿನ ಜೊತೆ ಒಪ್ಪಂದ ಮಾಡಿಕೊಂಡ, 1783ರಲ್ಲಿ ಬ್ರಿಟನ್ ಜೊತೆ ಶಾಂತಿ ಒಪ್ಪಂದಕ್ಕೆ ರುಜು ಹಾಕಿದ. 1785ರಲ್ಲಿ ಊರಿಗೆ ಮರಳಿದ. 1790ರ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ, ಫಿಲಡೆಲ್ಫಿಯಾದ ತನ್ನ ಮನೆಯಲ್ಲಿ ತೀರಿಕೊಂಡಾಗ ಕಾರಣವಾದದ್ದು ಎದೆಯೊಳಗಿನ ಕೀವು, ಚರ್ಮವಲ್ಲ.